ಇಸ್ತ್ರಿಯಮ್ಮನ ಚೀಲ

ಇಸ್ತ್ರಿಯಮ್ಮನಿಗೆ ಬರುವ ವಾಸನೆ ಬೇರೆ ಯಾರಿಗೂ ಬರುವುದಿಲ್ಲ. ಬಿಳಿ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಒಂದು ಗಳಿಗೆ ಹೆಚ್ಚು ನಿಂತರೆ ಮೊದಲು ಹಳದಿ ಕಲೆ ಬೀಳುತ್ತದೆ, ಆಮೇಲೆ ಅದು ಕಂದಾಗುತ್ತದೆ. ಹಳದಿ ಕಂದಾಗುವ ಆ ಹೊತ್ತಿನ ವಾಸನೆ ಅದು. ಬಸ್ಸಿಗೆ ಕಾಯುತ್ತಾ ನಿಂತಾಗ ಬರುತ್ತದೆ. ನೀರು ಕುಡಿಯಲು ಲೋಟ ಎತ್ತಿದಾಗ ಬರುತ್ತದೆ. ಪ್ರಾರ್ಥನೆಗೆ ಕಣ್ಣು ಮುಚ್ಚಿದರಂತೂ ತಪ್ಪದೆ ಬರುತ್ತದೆ. ಅದರ ಬೆನ್ನಿಗೇ ಒಂದು ದನಿ ಕೇಳಿಸುತ್ತದೆ.

"ತೆಗೆದೆಯಾ?"

ಅದು ಅವರ ಗಂಡನ ದನಿ. ಗಂಡ ತೀರಿಹೋಗಿ ಬಹಳ ವರ್ಷಗಳಾದವು.

ಅವರ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ, ಹಿಂದಿನ ಕೋಣೆಯೇ ಸಂಸಾರ. ಅವರು ಹೊಲಿಯುತ್ತಿದ್ದರು, ಇವರು ಇಸ್ತ್ರಿ ಮಾಡಿ ಗಿರಾಕಿಗಳ ಮನೆಗೆ ಕೊಟ್ಟು ಬರುತ್ತಿದ್ದರು. ಇವರು ಬಟ್ಟೆಯ ಗಂಟು ಎತ್ತಿಕೊಂಡು ಹೊಸ್ತಿಲು ದಾಟುವಾಗ ಗಂಡ ಮಿಷನ್‌ನಿಂದ ತಲೆ ಎತ್ತದೆ ಕೇಳುತ್ತಿದ್ದರು. "ತೆಗೆದೆಯಾ?" ಅಂದರೆ, ಇಸ್ತ್ರಿಪೆಟ್ಟಿಗೆಯ ಪ್ಲಗ್ಗನ್ನು ಗೋಡೆಯಿಂದ ತೆಗೆದೆಯಾ ಅಂತ. "ತೆಗೆದೆ" ಅಂತ ಇವರು ಹೇಳುತ್ತಿದ್ದರು. ಒಮ್ಮೊಮ್ಮೆ ತಮಾಷೆಗೆ, "ಇಲ್ಲಪ್ಪ, ನಿಮ್ಮ ಬೆನ್ನು ಬೆಚ್ಚಗಿರ್ಲಿ ಅಂತ ಹಾಗೇ ಬಿಟ್ಟಿದ್ದೀನಿ" ಅನ್ನುತ್ತಿದ್ದರು. "ನನ್ನ ಬೆನ್ನಿಗೆ ನೀನಿದ್ದೀಯಲ್ಲ, ಮತ್ತೆ ಬೆಂಕಿ ಬೇರೆ ಯಾಕೆ?" ಅಂತ ಅವರು ನಗುತ್ತಿದ್ದರು.

ಒಂದು ದಿನ ಗಂಡನಿಗೆ ಜ್ವರ. ಮಾತ್ರೆ ನುಂಗಿ ಹಿಂದಿನ ಕೋಣೆಯಲ್ಲಿ ಮಲಗಿದ್ದರು. ಮಗಳು ಶಾಲೆಗೆ ಹೋಗಿದ್ದಳು. ಇಸ್ತ್ರಿಯಮ್ಮ ಬಟ್ಟೆ ಮುಗಿಸಿ, ಗಂಟು ಕಟ್ಟಿ, ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡು ಹೊರಟರು. ಗಂಡ ನಿದ್ದೆಯಲ್ಲಿದ್ದುದರಿಂದ ಅವತ್ತು ಯಾರೂ ಕೇಳಲಿಲ್ಲ.

ಬಟ್ಟೆ ಕೊಟ್ಟು ವಾಪಸು ಬರುತ್ತಾ ಬೀದಿಯ ತಿರುವಿಗೆ ಬಂದಾಗ ಜನ ಓಡುತ್ತಿದ್ದರು. ಗಂಡನನ್ನು ಹೊರಗೆ ತಂದಾಗ ಮೈಮೇಲೆ ಒಂದು ಸುಟ್ಟ ಗಾಯವೂ ಇರಲಿಲ್ಲ. ಹೊಗೆಯೇ ಸಾಕಾಗಿತ್ತು.

ಗೋಡೆಯೊಳಗಿನ ಹಳೆಯ ವೈರಿನಿಂದ ಆಗಿರಬಹುದು, ಇಸ್ತ್ರಿಪೆಟ್ಟಿಗೆಯಿಂದಲೂ ಆಗಿರಬಹುದು, ಎಲ್ಲ ಇದ್ದಿಲಾಗಿರುವಾಗ ಹೇಗೆ ಹೇಳುವುದು ಅಂದರು ಬೆಂಕಿ ಆರಿಸಲು ಬಂದವರು. ಪೊಲೀಸರು ಕೇಳಿದರು, ನೆಂಟರು ಕೇಳಿದರು, ಕೇಳದವರು ಕಣ್ಣಲ್ಲೇ ಕೇಳಿದರು. ಎಲ್ಲರಿಗೂ ಇಸ್ತ್ರಿಯಮ್ಮ ಒಂದೇ ಉತ್ತರ ಕೊಟ್ಟರು. "ತೆಗೆದಿದ್ದೆ."

ಆದರೆ ಅವರಿಗೆ ನೆನಪಿರಲಿಲ್ಲ. ನೆನಪಿಸಿಕೊಳ್ಳಲು ಕೂತರೆ ಕೈ ಪ್ಲಗ್ ಎಳೆಯುವುದು ಕಣ್ಣಿಗೆ ಕಟ್ಟುತ್ತಿತ್ತು. ಅದು ಅವತ್ತಿನದೋ, ಹಿಂದಿನ ದಿನದ್ದೋ, ಅದಕ್ಕೂ ಹಿಂದಿನದ್ದೋ ತಿಳಿಯುತ್ತಿರಲಿಲ್ಲ. ದಿನಾ ಮಾಡುವ ಕೆಲಸವನ್ನು ಕೈ ತಾನಾಗಿಯೇ ಮಾಡಿ ಮುಗಿಸುತ್ತದೆ. ಮನಸ್ಸು ಅದಕ್ಕೆ ಗುರುತು ಇಡುವುದಿಲ್ಲ.

ಆಮೇಲೂ ಅವರು ಇಸ್ತ್ರಿ ಕೆಲಸವನ್ನೇ ಮಾಡಿದರು. "ಬೇರೆ ಕೆಲಸ ನೋಡ್ಬಾರ್ದಾ?" ಅಂದವರಿಗೆ, "ಈ ಕೈಗೆ ಬೇರೇದು ಬರಲ್ಲ" ಅಂದರು. ಅವರಿಗೆ ಕೆಲಸ ಸಿಕ್ಕಿದ್ದು ಒಂದು ದೊಡ್ಡ ಹೊಲಿಗೆ ಅಂಗಡಿಯ ಹಿಂಭಾಗದಲ್ಲಿ. ಕಿಟಕಿಯಿಲ್ಲದ ಕೋಣೆ. ಉದ್ದನೆಯ ಮೇಜಿನ ಮೇಲೆ ಮಡಿಸಿ ಹಾಸಿದ ಹತ್ತಿಯ ದುಪ್ಪಟಿ, ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ ನಿಲ್ಲಿಸುವ ಕಲ್ಲು, ಮೇಲೆ ಸದಾ ಉರಿಯುವ ಟ್ಯೂಬ್‌ಲೈಟು. ಎದುರಿಗೆ ಗುಂಡಿಯಕ್ಕ ಕೂರುತ್ತಿದ್ದರು. ಅಂಗಿಗಳಿಗೆ ಗುಂಡಿ ಹಾಕುವುದು ಅವರ ಕೆಲಸ, ಬಾಯಲ್ಲಿ ದಾರ ಕಚ್ಚಿಕೊಂಡೇ ಹರಟುವುದು ಅವರ ಅಭ್ಯಾಸ.

ಅಂಗಡಿಯ ಯಜಮಾನಿ ಆ ಕೋಣೆಗೆ ಒಂದು ನಿಯಮ ಮಾಡಿದ್ದರು. ಸಂಜೆ ಮುಚ್ಚುವಾಗ ಒಬ್ಬರು ಪ್ಲಗ್ ತೆಗೆದು, ವೈರು ಸುತ್ತಿ, ಇಸ್ತ್ರಿಪೆಟ್ಟಿಗೆಯನ್ನು ಕಲ್ಲಿನ ಮೇಲೆ ನಿಲ್ಲಿಸಿ, ಪ್ಲಗ್ಗನ್ನು ಹಿಡಿಯ ಮೇಲೆ ಎದ್ದು ಕಾಣುವ ಹಾಗೆ ಇಡಬೇಕು. ಇನ್ನೊಬ್ಬರು ಹತ್ತಿರ ಬಂದು ನೋಡಿ, ಬಾಯಿಬಿಟ್ಟು "ಕಂಡೆ" ಅನ್ನಬೇಕು. ಆಮೇಲೆ ದೀಪ ಆರಿಸಿ ಬಾಗಿಲಿಗೆ ಬೀಗ. ಬೀಗದ ಕೈ ಇಸ್ತ್ರಿಯಮ್ಮನ ಹತ್ತಿರವೇ ಇರುತ್ತಿತ್ತು.

"ಕಂಡೆ" ಅನ್ನುತ್ತಿದ್ದರು ಗುಂಡಿಯಕ್ಕ.

"ಸರಿಯಾಗಿ ನೋಡಿದ್ರಾ?"

"ಅಯ್ಯೋ, ಎರಡು ಕಣ್ಣಲ್ಲೂ ಕಂಡೆ ಕಣ್ರೀ. ಸಾಲದು ಅಂದ್ರೆ ಹೇಳಿ, ಕನ್ನಡಕ ಹಾಕ್ಕೊಂಡು ಇನ್ನೊಂದು ಸಲ ಕಾಣ್ತೀನಿ. ನನ್ನ ಮದುವೇಲಿ ಗಂಡನ್ನೂ ಇಷ್ಟು ಸಲ ನೋಡಿರ್ಲಿಲ್ಲ."

ಇಸ್ತ್ರಿಯಮ್ಮ ನಗುತ್ತಿದ್ದರು. ಅರ್ಧ ದಾರಿಗೆ ಬರುವಷ್ಟರಲ್ಲಿ ವಾಸನೆ ಬರುತ್ತಿತ್ತು. "ತೆಗೆದೆಯಾ?" ಅವರು ತಿರುಗಿ ಓಡುತ್ತಿದ್ದರು. ಬೀಗ ತೆಗೆದು, ಕತ್ತಲಲ್ಲಿ ತಡವರಿಸಿ, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ತಣ್ಣಗಿದೆ ಅಂತ ಖಾತ್ರಿ ಮಾಡಿಕೊಂಡು ಬರುತ್ತಿದ್ದರು. ಮತ್ತೆ ಅರ್ಧ ದಾರಿಗೆ ಬಂದರೆ, ಈಗ ಮುಟ್ಟಿದ್ದು ನಿಜವೋ ಅಥವಾ ನಿನ್ನೆ ಮುಟ್ಟಿದ್ದೋ ಅನ್ನಿಸುತ್ತಿತ್ತು.

ಬುಧವಾರ ಸಂಜೆ ಅವರ ಚರ್ಚಿನ ಸಭೆಯಲ್ಲಿ ಪ್ರಾರ್ಥನಾ ಕೂಟ ಇರುತ್ತದೆ. ಅಲ್ಲಿ ಅವರ ಕುರ್ಚಿಯನ್ನು ಬಾಗಿಲ ಪಕ್ಕದಲ್ಲೇ ಹಾಕುತ್ತಿದ್ದರು. ಅವರು ನಡುವೆ ಎದ್ದುಹೋಗುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ.

ಮಗಳು ಬೆಳೆದು, ಮದುವೆಯಾಗಿ, ಅದೇ ಊರಿನಲ್ಲಿ ಬೇರೆ ಮನೆ ಮಾಡಿದಳು. ಅವಳಿಗೊಂದು ಹೆಣ್ಣುಮಗು ಹುಟ್ಟಿತು. ಎಲ್ಲರೂ ಪುಟ್ಟಿ ಅನ್ನುತ್ತಾರೆ. ಪುಟ್ಟಿ ನಡೆಯಲು ಕಲಿತ ಹೊಸದರಲ್ಲಿ ಒಂದು ಸಂಜೆ ಮಗಳು ಅವಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗಿದ್ದಳು. ವಾಪಸು ಬಂದಾಗ ಮಗು ಪಕ್ಕದ ಮನೆಯ ಮೆಟ್ಟಿಲ ಮೇಲೆ ಒಂದೇ ಕೂತು, ಅತ್ತು ಅತ್ತು ಬಿಕ್ಕುತ್ತಿತ್ತು. ಪಕ್ಕದ ಮನೆಗೆ ಬೀಗ. ಅಜ್ಜಿ ಅಂಗಡಿಗೆ ಓಡಿದ್ದರು. ಪಕ್ಕದ ಮನೆಯವರು ಒಳಗಿದ್ದಾರೆ ಅಂದುಕೊಂಡು ಮಗುವನ್ನು ಮೆಟ್ಟಿಲ ಮೇಲೆ ಕೂರಿಸಿ ಹೋಗಿದ್ದರಂತೆ.

ಅವತ್ತಿನಿಂದ ಮಗಳು ಪುಟ್ಟಿಯನ್ನು ಅವರ ಹತ್ತಿರ ಬಿಡಲಿಲ್ಲ. ಜಗಳವನ್ನೇನೂ ಆಡಲಿಲ್ಲ. ಸುಮ್ಮನೆ ಬಿಡುವುದನ್ನು ನಿಲ್ಲಿಸಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಅಂತ ಇಸ್ತ್ರಿಯಮ್ಮ ಆಮೇಲೆ ಹೇಳುತ್ತಿದ್ದರು.

ಆಗ ಅವರು ಒಂದು ಉಪಾಯ ಕಂಡುಕೊಂಡರು. ಗುಂಡಿಯಕ್ಕ "ಕಂಡೆ" ಅಂದು ಹೊರಗೆ ಹೋದ ಮೇಲೆ, ಟವೆಲ್ ಮರೆತೆ ಅಂತ ಒಳಗೆ ಬಂದು, ಇಸ್ತ್ರಿಪೆಟ್ಟಿಗೆಯನ್ನೇ ತಮ್ಮ ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಬೀಗ ಹಾಕಿ ಮನೆಗೆ ಹೊರಟರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕಲ್ಲಿನ ಮೇಲೆ ಇಟ್ಟುಬಿಟ್ಟರು. ಯಾರಿಗೂ ಗೊತ್ತಾಗಲಿಲ್ಲ. ಪೆಟ್ಟಿಗೆ ತನ್ನ ಕೈಯಲ್ಲೇ ಇರುವಾಗ ಅಂಗಡಿ ಸುಡುವುದು ಹೇಗೆ? ವಾಸನೆ ಬಂದರೆ ಚೀಲವನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಭಾರಕ್ಕೆ ಬಲಭುಜ ಇಳಿದುಹೋಯಿತು. ಆದರೂ ಓಡುವುದು ತಪ್ಪಿತು. ದೇವರು ತನ್ನ ಮೊರೆ ಕೇಳಿದ ಅಂದುಕೊಂಡರು. "ಕರ್ತನೇ, ಅಂಗಡಿಯನ್ನು ನಿನ್ನ ಕೈಗೆ ಒಪ್ಪಿಸಿದ್ದೇನೆ" ಅಂತ ದಿನಾ ಪ್ರಾರ್ಥಿಸುತ್ತಿದ್ದರು. ಚೀಲ ಕಾಲ ಬಳಿಯೇ ಇರುತ್ತಿತ್ತು.

ಪುಟ್ಟಿ ಪಟಪಟ ಮಾತಾಡುವಷ್ಟು ದೊಡ್ಡವಳಾದಾಗ ಮಗಳಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಸಂಜೆಯ ಕೆಲಸ ಸಿಕ್ಕಿತು. ಅಳಿಯ ಲಾರಿ ಓಡಿಸುವವನು, ಮನೆಯಲ್ಲಿರುವುದೇ ಅಪರೂಪ. ಸಂಜೆ ಮಗುವನ್ನು ನೋಡಿಕೊಳ್ಳಲು ಯಾರಾದರೂ ಬೇಕಿತ್ತು. ಮಗಳು ಬಂದು ತಾಯಿಯ ಎದುರು ಕೂತಳು.

"ಅಮ್ಮ, ಈ ಬುಧವಾರ ಪುಟ್ಟಿನ ಕರ್ಕೊಂಡು ಕೂಟಕ್ಕೆ ಬರ್ತೀನಿ. ನೀನು ಮೊದಲಿಂದ ಕೊನೇ ತನಕ ಎದ್ದು ಹೋಗ್ದೆ ಕೂತ್ಕೋಬೇಕು. ಕೂತ್ರೆ ಇವಳನ್ನ ನಿನ್ನ ಹತ್ರ ಬಿಡ್ತೀನಿ."

"ಇಲ್ದಿದ್ರೆ?"

"ಇಲ್ದಿದ್ರೆ ಕೆಲಸ ಬಿಡ್ತೀನಿ. ನಿನ್ನ ಮೇಲೆ ಕೋಪ ಇಲ್ಲಮ್ಮ. ಭಯ ಅಷ್ಟೇ."

ಮಗಳು ಭಯ ಅಂದ ರೀತಿ ಇಸ್ತ್ರಿಯಮ್ಮನಿಗೆ ಚುಚ್ಚಿತು. ತನ್ನ ಭಯ ಅವಳ ಬಾಯಿಗೂ ಬಂದಿತ್ತು. "ಕೂತ್ಕೋತೀನಿ" ಅಂದರು. ಚೀಲ ಇದೆಯಲ್ಲ ಅಂತ ಮನಸ್ಸಿನಲ್ಲಿ ಧೈರ್ಯ.

ಆ ಬುಧವಾರ ಶಾಲೆಯ ಸಮವಸ್ತ್ರಗಳ ರಾಶಿ. ಬೇರೆ ದಿನ ಇಸ್ತ್ರಿ ಬೇಗ ಮುಗಿದು, ಬಟ್ಟೆ ಮಡಿಸುವ ಹೊತ್ತಿಗೆ ಪೆಟ್ಟಿಗೆ ತಣಿದಿರುತ್ತಿತ್ತು. ಅವತ್ತು ಕೊನೆಯ ಅಂಗಿಯವರೆಗೂ ಕೈ ನಿಲ್ಲಲಿಲ್ಲ. ಪ್ಲಗ್ ತೆಗೆದರು. "ಕಂಡೆ, ನಡೀರಿ, ಹೊತ್ತಾಯ್ತು" ಅಂತ ಗುಂಡಿಯಕ್ಕ ಚಪ್ಪಲಿ ಮೆಟ್ಟಿದರು. ಅವರೂ ಅದೇ ಕೂಟಕ್ಕೆ ಬರುವವರು. ಇಸ್ತ್ರಿಯಮ್ಮ ಟವೆಲ್ ನೆಪದಲ್ಲಿ ಒಳಗೆ ಹೋದರು. ಪೆಟ್ಟಿಗೆಯಿಂದ ಇನ್ನೂ ಝಳ ಬರುತ್ತಿತ್ತು. ಬಿಟ್ಟು ಹೋಗೋಣವೇ ಅಂತ ಒಂದು ಕ್ಷಣ ನಿಂತರು. ಆಗಲಿಲ್ಲ. ಮೇಜಿನ ಮೇಲಿನ ಹಳೆಯ ದುಪ್ಪಟಿಯಲ್ಲಿ ನಾಲ್ಕು ಸುತ್ತು ಸುತ್ತಿ ಚೀಲಕ್ಕೆ ಇಳಿಸಿದರು.

ಕೂಟದಲ್ಲಿ ಬಾಗಿಲ ಪಕ್ಕದ ಕುರ್ಚಿ ಬಿಟ್ಟು ಗೋಡೆಯ ಕಡೆ ಕೂತರು. ಪಕ್ಕದಲ್ಲಿ ಪುಟ್ಟಿ, ಅವಳ ಆಚೆ ಮಗಳು. ಚೀಲ ಕೆಳಗೆ, ಅಜ್ಜಿಯ ಕಾಲಿಗೂ ಮೊಮ್ಮಗಳ ಕಾಲಿಗೂ ನಡುವೆ. ಚರ್ಚು ನಡೆಸುವ ಸಭಾಪಾಲಕರು ಪ್ರಾರ್ಥನೆ ಶುರುಮಾಡಿದರು. ಅವರ ಪ್ರಾರ್ಥನೆ ಸಭೆಯ ರೋಗಿಗಳನ್ನೆಲ್ಲ ಮನೆಮನೆಗೆ ಹೋಗಿ ಮಾತಾಡಿಸಿಕೊಂಡು ಬರುವಂಥದ್ದು, ಬೇಗ ಮುಗಿಯುವುದಿಲ್ಲ.

ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೇ ವಾಸನೆ ಬಂತು.

ಬಾ, ಇವತ್ತು ನಾನು ಏಳುವುದಿಲ್ಲ ಅಂದುಕೊಂಡರು ಇಸ್ತ್ರಿಯಮ್ಮ. "ತೆಗೆದೆಯಾ?" ಅಂತು ದನಿ. ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ವಾಸನೆ ಯಾವತ್ತೂ ಇಷ್ಟು ದಟ್ಟವಾಗಿ ಬಂದಿರಲಿಲ್ಲ. ಗಂಟಲು ಕೆರೆಯಿತು. ಇದು ನನ್ನ ಪರೀಕ್ಷೆ, ಕರ್ತನೇ, ಈ ಸುಳ್ಳು ವಾಸನೆಯಿಂದ ನನ್ನನ್ನು ಬಿಡಿಸು ಅಂತ ಹಲ್ಲುಕಚ್ಚಿ ಬೇಡಿದರು. ಪಕ್ಕದಲ್ಲಿ ಮಗಳಿದ್ದಾಳೆ, ನೋಡುತ್ತಿದ್ದಾಳೆ. ಅಲುಗಾಡಲಿಲ್ಲ.

"ಅಜ್ಜೀ," ಅಂದಳು ಪುಟ್ಟಿ, "ನಿನ್ನ ಚೀಲ ಉಸಿರಾಡ್ತಿದೆ."

ಕಣ್ಣು ತೆರೆದರು. ಚೀಲದ ಬಾಯಿಂದ ಹೊಗೆ ಸಣ್ಣಗೆ ಏಳುತ್ತಿತ್ತು. ಮಗಳು ಕಿರುಚಿ ಮಗುವನ್ನು ಎತ್ತಿಕೊಂಡಳು. ಕುರ್ಚಿಗಳು ಬಿದ್ದವು. ಯಾರೋ ನೀರಿನ ಕೊಡವನ್ನೇ ತಂದು ಸುರಿದರು. ಚುಯ್ ಅಂತ ಸದ್ದಾಗಿ ಕೋಣೆಯೆಲ್ಲ ಹಬೆ. ಸಭಾಪಾಲಕರು ಕರಕಲಾದ ದುಪ್ಪಟಿಯನ್ನು ಕೋಲಿನಿಂದ ಸರಿಸಿದರು. ಒಳಗಿಂದ ಇಸ್ತ್ರಿಪೆಟ್ಟಿಗೆ ಹೊರಬಂತು.

ಎಲ್ಲರೂ ಅದನ್ನೇ ನೋಡುತ್ತಾ ನಿಂತರು.

"ಅಯ್ಯೋ, ಇದು ನಮ್ಮ ಅಂಗಡೀದು!" ಅಂದರು ಗುಂಡಿಯಕ್ಕ. ಬಾಯಿ ತಡೆಯಲಾಗದೆ, "ಅದಕ್ಕೂ ರಕ್ಷಣೆ ಆಗ್ಲಿ ಅಂತ ಕರ್ಕೊಂಡು ಬಂದ್ರಾ?" ಅಂದುಬಿಟ್ಟರು. ಒಬ್ಬಿಬ್ಬರು ನಕ್ಕರು.

ಮಗಳು ನಗಲಿಲ್ಲ. ಪುಟ್ಟಿಯ ಲಂಗದ ಅಂಚನ್ನು ಬೆಳಕಿಗೆ ಹಿಡಿದಿದ್ದಳು. ಅಲ್ಲೊಂದು ಕಂದು ಕಲೆ. ಅದನ್ನು ತಾಯಿಯ ಕಡೆ ತಿರುಗಿಸಿ ತೋರಿಸಲೂ ಇಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದಳು.

ಇಸ್ತ್ರಿಯಮ್ಮ ಗುಂಡಿಯಕ್ಕನ ತೋಳು ಹಿಡಿದರು. "ನಿಮಗೂ ವಾಸನೆ ಬಂತಾ?"

"ಬರ್ದೆ ಏನ್ರೀ, ಮೂಗಿದೆಯಲ್ಲ. ಪ್ರಾರ್ಥನೆ ನಡುವೆ ಹೇಗಪ್ಪಾ ಹೇಳೋದು ಅಂತ ಸುಮ್ನಿದ್ದೆ."

ಅಷ್ಟು ಕೇಳಿದ್ದೇ ಅವರಿಗೆ ಅಳು ಒತ್ತರಿಸಿ ಬಂತು. ಇಷ್ಟು ವರ್ಷಗಳಲ್ಲಿ ಆ ವಾಸನೆ ಇನ್ನೊಬ್ಬರಿಗೂ ಬಂದದ್ದು ಅದೇ ಮೊದಲು.

ಎಲ್ಲರೂ ಹೋದ ಮೇಲೆ ಸಭಾಪಾಲಕರು ಕಿಟಕಿಗಳನ್ನೆಲ್ಲ ತೆರೆದು ಒಂದು ಕುರ್ಚಿ ಎಳೆದು ಕೂತರು. ಇಸ್ತ್ರಿಯಮ್ಮ ಚೀಲದ ವಿಷಯ ಎಲ್ಲ ಹೇಳಿದರು.

"ಒಪ್ಪಿಸಿದೆ ಒಪ್ಪಿಸಿದೆ ಅಂತ ದಿನಾ ಹೇಳ್ತಿದ್ದೆ ಅಯ್ಯ. ಚೀಲದಲ್ಲಿ ಇಟ್ಕೊಂಡೇ ಹೇಳ್ತಿದ್ದೆ."

"ಈ ಕೋಣೆಗೆ ಬರೋರೆಲ್ಲ ಒಂದೊಂದು ಚೀಲ ತಂದಿರ್ತಾರಮ್ಮ," ಅಂದರು ಅವರು. "ನಿಮ್ಮದು ಹೊಗೆ ಬಿಡ್ತು, ಕಾಣ್ತು. ನನ್ನದು ಇನ್ನೂ ಹೊಗೆ ಬಿಟ್ಟಿಲ್ಲ, ಅಷ್ಟೇ."

"ಈ ವಾಸನೆ ಹೋಗುತ್ತಾ ಅಯ್ಯ?"

"ಗೊತ್ತಿಲ್ಲಮ್ಮ. ಹೋಗ್ಲಿ ಅಂತ ನಾನೂ ಬೇಡ್ತೀನಿ. ಹೋಗದಿದ್ರೂ ಕರ್ತನು ನಿಮ್ಮ ಜೊತೆ ಇರ್ತಾನೆ, ಅದು ಗೊತ್ತು."

ಮರುದಿನ ಇಸ್ತ್ರಿಯಮ್ಮ ಪೆಟ್ಟಿಗೆಯನ್ನು ಯಜಮಾನಿಯ ಮುಂದೆ ಇಟ್ಟು, ನಡೆದದ್ದನ್ನು ಹೇಳಿ, ಬೀಗದ ಕೈಯನ್ನು ಗುಂಡಿಯಕ್ಕನಿಗೆ ಕೊಟ್ಟುಬಿಡಿ ಅಂದರು. ಅಲ್ಲಿಂದ ಮಗಳ ಮನೆಗೆ ಹೋದರು. ಮಗಳು ಕೂತುಕೊಂಡು ಪುಟ್ಟಿಯ ಲಂಗದ ಸುಟ್ಟ ಅಂಚನ್ನು ಒಳಗೆ ಮಡಿಸಿ ಹೊಲಿಯುತ್ತಿದ್ದಳು. ತಲೆ ಎತ್ತದೆ ಕೇಳಿದಳು. ತಲೆ ಎತ್ತದೆ ಕೇಳುವುದು ಅವಳ ಅಪ್ಪನ ಹಾಗೆಯೇ.

"ಅಮ್ಮ, ಅವತ್ತು ನೀನು ಪ್ಲಗ್ ತೆಗೆದಿದ್ದೆಯಾ?"

ತೆಗೆದಿದ್ದೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ಯಾವಾಗಲೂ ಅಲ್ಲೇ ಇರುತ್ತಿತ್ತು.

"ಗೊತ್ತಿಲ್ಲ" ಅಂದರು ಇಸ್ತ್ರಿಯಮ್ಮ.

ಸೂಜಿ ನಿಂತಿತು. "ನನಗೆ ಗೊತ್ತಿತ್ತು, ನಿನಗೆ ಗೊತ್ತಿಲ್ಲ ಅಂತ," ಅಂದಳು ಕೊನೆಗೆ. "ತೆಗೆದಿದ್ದೆ ಅನ್ನೋವಾಗೆಲ್ಲ ನೀನು ನನ್ನ ಮುಖ ನೋಡ್ತಿರಲಿಲ್ಲ. ನಮಗೆ ಯಾವತ್ತೂ ಗೊತ್ತಾಗೋದೇ ಇಲ್ವಾ?"

"ಯಾರೂ ಕಂಡಿಲ್ಲ ಮಗಳೇ."

ಬೀದಿಗೆ ಇಳಿದ ಮೇಲೂ ಆ ಮಾತು ಅವರ ಬೆನ್ನು ಬಿಡಲಿಲ್ಲ. ಯಾರೂ ಕಂಡಿಲ್ಲ ಅನ್ನುವುದು ನಿಜವಲ್ಲ. ಆ ಮಧ್ಯಾಹ್ನ ಆ ಕೋಣೆಯಲ್ಲಿ ಒಬ್ಬನಿದ್ದ, ಅವರು ದಿನಾ ಕರೆಯುವ ಕರ್ತ. ಕೈ ಗೋಡೆಯ ಕಡೆ ಹೋಯಿತೋ ಇಲ್ಲವೋ, ಅವನು ಕಂಡಿದ್ದಾನೆ. ಮೊದಲು ಅವರಿಗೆ ಹೆದರಿಕೆಯಾಯಿತು. ಒಂದು ವೇಳೆ ತೆಗೆದಿರದಿದ್ದರೆ, ಅದನ್ನೂ ಕಂಡಿದ್ದಾನೆ. ರಸ್ತೆಯ ಬದಿಯ ಗೋಡೆಗೆ ಒರಗಿ ನಿಂತರು. ಆಮೇಲೆ ಇನ್ನೊಂದು ಯೋಚನೆ ನಿಧಾನವಾಗಿ ಬಂತು. ಅವತ್ತೇ ಕಂಡವನು ಇವತ್ತಿನವರೆಗೂ ಬಿಟ್ಟುಹೋಗಿಲ್ಲ. ಗಂಡನಿಲ್ಲದ ಮನೆಯಲ್ಲಿ ಮಗಳನ್ನು ಬೆಳೆಸುವಾಗ ಇದ್ದ. ನಿನ್ನೆ ಚೀಲ ಹೊಗೆಯುತ್ತಿದ್ದಾಗ ಮಗುವಿನ ಕಣ್ಣನ್ನು ಚೀಲದ ಕಡೆ ತಿರುಗಿಸಿದವನೂ ಅವನೇ. ಎಲ್ಲ ತಿಳಿದೂ ಜೊತೆಗೆ ನಡೆದವನು ಅವನು. ತನಗೆ ತಿಳಿಯದೆ ಉಳಿದದ್ದನ್ನು ಅವನ ಹತ್ತಿರವೇ ಇರಲು ಬಿಡಬಹುದೇನೋ.

ಅವತ್ತು ಸಂಜೆ ಅಂಗಡಿಯಲ್ಲಿ ಪೆಟ್ಟಿಗೆಯನ್ನು ಕಲ್ಲಿನ ಮೇಲೆ ನಿಲ್ಲಿಸಿದರು. ಗುಂಡಿಯಕ್ಕ ತಮಾಷೆ ಮಾಡದೆ ಹತ್ತಿರ ಬಂದು, ಬಗ್ಗಿ ನೋಡಿ, "ಕಂಡೆ" ಅಂದರು. ಬೀಗವನ್ನೂ ಅವರೇ ಹಾಕಿ ಕೀ ಇಟ್ಟುಕೊಂಡರು. ಹೊಸ ಚೀಲ ಹಗುರವಾಗಿ ಪಕ್ಕೆಗೆ ಬಡಿಯುತ್ತಿತ್ತು. ಆ ಹಗುರವೇ ಭಾರಕ್ಕಿಂತ ಹೆಚ್ಚು ಹೆದರಿಸಿತು. ಅರ್ಧ ದಾರಿಯಲ್ಲಿ ವಾಸನೆ ಬಂತು. ನಿಂತರು. ತಿರುಗಿದರು. ಅಂಗಡಿಯ ಬೀದಿಯ ತುದಿಯವರೆಗೂ ಹೋಗಿ, ಕೈಯಲ್ಲಿ ಕೀ ಇಲ್ಲ ಅಂತ ನೆನಪಾಗಿ, ಅಳುತ್ತಾ ಮನೆಗೆ ಬಂದರು. ಅಂಥ ಸಂಜೆಗಳು ಆಮೇಲೂ ಬಂದವು. ಬೀದಿಯ ತುದಿಯವರೆಗೂ ಹೋಗದೆ ತಿರುಗಿದ ಸಂಜೆಗಳೂ ಬಂದವು.

ಒಂದು ಸಂಜೆ ಅಂಗಡಿಯ ಹೊರಗೆ ಮಗಳು ಕಾಯುತ್ತಿದ್ದಳು. ತಾಯಿಯ ಹೆಗಲಿನಿಂದ ಚೀಲ ತೆಗೆದುಕೊಂಡು ಕೈಯಲ್ಲಿ ತೂಗಿ ನೋಡಿದಳು. ಖಾಲಿ. ಹಿಂದಕ್ಕೆ ಕೊಟ್ಟಳು.

"ಆಸ್ಪತ್ರೆಯೋರು ಇನ್ನೂ ಕಾಯ್ತಿದ್ದಾರೆ," ಅಂದಳು. "ನಾಳೆ ಪುಟ್ಟಿನ ಕರ್ಕೊಂಡು ಬರ್ತೀನಿ. ಒಂದು ದಿನ ನೋಡೋಣ."

ಮರುದಿನ ಸಂಜೆ ಪುಟ್ಟಿ ಅಜ್ಜಿಯ ಕೋಣೆಯಲ್ಲಿ ಚಾಪೆಯ ಮೇಲೆ ಕೂತು ದಾರದ ಖಾಲಿ ಉರುಳೆಗಳಿಂದ ಮನೆ ಕಟ್ಟುತ್ತಿದ್ದಳು. ಒಲೆ ಆರಿತ್ತು. ಚೀಲ ಮೊಳೆಗೆ ನೇತುಬಿದ್ದಿತ್ತು. ಕಿಟಕಿಯಲ್ಲಿ ಬೆಳಕು ಕುಂದುತ್ತಿತ್ತು.

ವಾಸನೆ ಬಂತು.

ಇಸ್ತ್ರಿಯಮ್ಮನ ಮೊಣಕಾಲು ತಾನಾಗಿಯೇ ಏಳಲು ಹೊರಟಿತು. ಈಗ ವಾಸನೆ ಸುಳ್ಳು ಅನ್ನುವ ಹಾಗೂ ಇರಲಿಲ್ಲ, ಒಂದು ಸಲ ನಿಜವಾಗಿತ್ತಲ್ಲ. ಒಲೆ ನೋಡಿದರು, ಚೀಲ ನೋಡಿದರು, ಮಗುವಿನ ಸುತ್ತಲೂ ನೋಡಿದರು. ಕೋಣೆಯಲ್ಲಿ ಏನೂ ಇರಲಿಲ್ಲ. ಹಾಗಾದರೆ ಅಂಗಡಿಯಲ್ಲಿ? ಪುಟ್ಟಿಯನ್ನು ಕೇಳಬಹುದಿತ್ತು. ನಿನಗೇನಾದ್ರೂ ವಾಸನೆ ಬರ್ತಿದೆಯಾ ಚಿನ್ನ ಅಂತ ಒಂದು ಮಾತು ಕೇಳಿದರೆ ಸಾಕಿತ್ತು. ಬಾಯಿ ತೆರೆದರು. ಕೇಳಿದರೆ ಮಗು ಮೂಗು ಎತ್ತಿ ಹುಡುಕುತ್ತದೆ. ಇವತ್ತು ಹುಡುಕಿದ್ದು ನಾಳೆಯೂ ಹುಡುಕುತ್ತದೆ. ಬಾಯಿ ಮುಚ್ಚಿಕೊಂಡರು.

"ಅಜ್ಜೀ, ಯಾಕೆ ಮೂಗು ಹಾಗೆ ಹಾಗೆ ಮಾಡ್ತಿದೀಯ?"

"ಮೊಲ ಆಗಿದೀನಿ."

"ನಾನೂ!" ಪುಟ್ಟಿ ಅಜ್ಜಿಯ ತೊಡೆ ಏರಿ ಕೂತು, ಮೂಗನ್ನು ಪಿಟಿಪಿಟಿ ಕುಣಿಸಿದಳು. "ಮೊಲ ಎಲ್ಲಿಗೂ ಹೋಗಲ್ಲ ಅಲ್ವಾ ಅಜ್ಜಿ? ಗೂಡಲ್ಲೇ ಇರುತ್ತೆ."

"ಇಲ್ಲೇ ಇರುತ್ತೆ."

"ತೆಗೆದೆಯಾ?" ಅಂತು ದನಿ, ಎಂದಿನ ಹಾಗೆ, ಬಾಗಿಲ ಕಡೆಯಿಂದ. ಇಸ್ತ್ರಿಯಮ್ಮ ಮಗುವಿನ ತಲೆಯ ಮೇಲೆ ಗಲ್ಲ ಊರಿದರು. ಗೊತ್ತಿಲ್ಲ ರೀ, ಅಂದರು ಮನಸ್ಸಿನಲ್ಲೇ. ನಿಮಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಕಂಡವನೊಬ್ಬನಿದ್ದಾನೆ.

ಮಗಳು ಬಂದಾಗ ಪುಟ್ಟಿ ಅವರ ತೊಡೆಯ ಮೇಲೆಯೇ ನಿದ್ದೆ ಹೋಗಿದ್ದಳು. ಮಗಳು ಹೊಸ್ತಿಲಲ್ಲಿ ನಿಂತು ಇಬ್ಬರನ್ನೂ ನೋಡಿದಳು.

"ಬಂತಾ?" ಅಂತ ಪಿಸುಗುಟ್ಟಿದಳು.

"ಬಂತು."

"ಎದ್ಯಾ?"

"ಇಲ್ಲ. ಕಾಲು ಜೋಮು ಹಿಡಿದಿದೆ, ಇವಳನ್ನ ಎತ್ಕೋ."

ಮಗಳು ಮಗುವನ್ನು ಎತ್ತಿಕೊಂಡಳು. ಹೋಗುವಾಗ, "ನಾಳೆ ಇವಳ ಹಾಲಿನ ಲೋಟನೂ ತಂದು ಇಲ್ಲೇ ಇಡ್ತೀನಿ" ಅಂದಳು.

ಅವರು ಹೋದ ಮೇಲೂ ವಾಸನೆ ಕೋಣೆಯಲ್ಲಿತ್ತು. ಇಸ್ತ್ರಿಯಮ್ಮ ಅಂಗೈಗಳನ್ನು ಮೊಣಕಾಲ ಮೇಲೆ ತೆರೆದಿಟ್ಟು ಕೂತರು. ಅವು ಖಾಲಿಯಾಗಿದ್ದವು. "ಕರ್ತನೇ, ನೀನು ಕಂಡಿದ್ದೀಯ" ಅಂದರು. ಆಮೇಲೆ ನಿಧಾನವಾಗಿ ಎದ್ದು, ಜೋಮು ಹಿಡಿದ ಕಾಲನ್ನು ಕೊಡವಿಕೊಂಡು, ಚೆಲ್ಲಾಡಿದ್ದ ಉರುಳೆಗಳನ್ನು ಮರುದಿನಕ್ಕೆಂದು ಒಂದು ಡಬ್ಬಿಗೆ ತುಂಬಿಸಿಟ್ಟರು.